ಮೂರನೇ ಸಾಲಿನ ಅಳತೆ

ಕಟ್ಟಿನಕೆರೆಯ ಅಂಗಡಿಯಿಂದ ನೇರ ಬಿ.ಎಂ. ರಸ್ತೆಯ ಶೋರೂಮಿಗೆ.
ಕೊರಳಲ್ಲೇ ಉಳಿದಿತ್ತು ಟೇಪು.
ತೆಗೆದಿಟ್ಟು ಬರಲು ಮರೆತಿದ್ದೆ, ಅಥವಾ
ಮರೆತೆನೆಂದು ಆಮೇಲೆ ಹೇಳಿದೆ.

"ಏಳು ಜನಕ್ಕೆ ಸಾರ್, ನಾಲ್ಕು ಮೀಟರಿನೊಳಗೆ"
ಅಂದ ಸೇಲ್ಸ್ ಹುಡುಗ, ಇವರಿಗೆ.
ನನಗೆ ನಗು ಬಂತು.
ಎಂಟು ವರ್ಷದ ಹುಡುಗಿಯ ಲಂಗ ಜಾಕೀಟಿಗೇ
ಮೂರೂವರೆ ಹಿಡಿಯುತ್ತದೆ, ನೆರಿಗೆ ಕೊಟ್ಟರೆ.

ಇವರು ಬಾನೆಟ್ ಎತ್ತಿಸಿ
ಗೊತ್ತಿರುವವರ ಹಾಗೆ ಹೂಂಗುಟ್ಟಿದರು.
ಮೈದುನ ವಿಠೋಬ ಚಕ್ರಕ್ಕೆ ಒದ್ದ, ಎರಡು ಸಲ.
ಅತ್ತೆ ಗೋದಾಬಾಯಿ ಬಾಗಿಲು ಬಡಿದು
"ಸದ್ದು ಡಬ್ಬದ್ದು" ಅಂದರು.
ಓರಗಿತ್ತಿಯ ಮಗ ಲೋಟ ಇಡುವ ಗುಂಡಿ ಎಣಿಸಿದ: ಒಂಬತ್ತು.
ಕೂರುವವರಿಗಿಂತ ಎರಡು ಲೋಟ ಹೆಚ್ಚು.

ಓಡಿಸಿ ನೋಡೋಣ ಅಂದಾಗ
ಯಾರೂ ಯಾರಿಗೂ ಹೇಳಲಿಲ್ಲ, ಆದರೂ
ನಡುವಿನ ಸೀಟು ಮಡಚಿ ಮಗುಚಿತು,
ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು.
ನೆರಿಗೆ ಒಂದು ಕೈಲಿ ಹಿಡಿದು
ಸೂಜಿಕಣ್ಣಿಗೆ ನೂಲು ಹೋದ ಹಾಗೆ ಒಳಗೆ ಹೋದೆ,
ಎಂಜಲು ಹಚ್ಚಿ ಚೂಪು ಮಾಡದ ನೂಲು.

ಮಂಡಿ ಎದೆಗೆ ಬಂತು. ಅಳೆದೆ.
ಮಂಡಿಗೂ ಮುಂದಿನ ಸೀಟಿಗೂ ಎರಡಿಂಚು.
ತಲೆಗೂ ಮಾಡಿಗೂ ಒಂದೂಕಾಲು, ತುರುಬು ಬಿಚ್ಚಿದರೆ.
ಕಿಟಕಿ ಇದೆ, ಇಳಿಯುವುದಿಲ್ಲ.
ಗಾಳಿಗೊಂದು ತೂತು, ಅದರ ಬಟನ್ನು ಮುಂದಿನವರ ಕೈಯಲ್ಲಿ.

ತಣ್ಣೀರುಹಳ್ಳ ದಾಟಿತು ಗಾಡಿ.
ಮುಂದೆ ಮೈಲೇಜು, ವಿಮೆ, ಕಂತಿನ ಮಾತು.
ಇಲ್ಲಿಗೆ ತಲುಪಿದ್ದು "...ತ್ತು ಸಾವಿರ" ಅಷ್ಟೇ.
ಹತ್ತೋ ಇಪ್ಪತ್ತೋ ಎಪ್ಪತ್ತೋ,
ಅರ್ಧ ಕಟ್ಟಬೇಕಾದವಳಿಗೆ ಕೇಳಿಸಲಿಲ್ಲ.

ಕಂಡದ್ದು ಬರೀ ಹಿಂಗತ್ತುಗಳು.
ಎಲ್ಲ ಕಾಲರೂ ನಾನೇ ಹೊಲಿದವು.
ಹದಿನೇಳು ವರ್ಷದಲ್ಲಿ ಇವರ ಬೆನ್ನನ್ನು
ಇಷ್ಟು ಹೊತ್ತು ನೋಡಿರಲಿಲ್ಲ.
ಅಳತೆಗೆ ನಿಂತವರು ಉಸಿರು ಬಿಗಿಹಿಡಿಯುತ್ತಾರೆ,
ಬಿಟ್ಟಾಗ ಬೇರೆಯೇ ಆಗಿರುತ್ತಾರೆ.
ಎಡಭುಜ ಒಂದು ನೂಲು ಕೆಳಗಿದೆ. ಯಾವಾಗಿನಿಂದ?
ನನ್ನ ಅಳತೆ ಪುಸ್ತಕದಲ್ಲಿ ಎರಡೂ ಸಮ.

ಹಂಪು ಬಂತು. ನಡುಸಾಲು ತೂಗಿತು, ನಾನು ಹಾರಿದೆ.
"ಬೆಣ್ಣೆ ಕಣಯ್ಯಾ ಸಸ್ಪೆನ್ಷನ್ನು" ಅಂದರು ಇವರು.
ಬೆಣ್ಣೆ ಅಲ್ಲಿಗೆ ತೇಲಿತ್ತು,
ಇಲ್ಲಿ ಇನ್ನೂ ಕಡೆಯುತ್ತಲೇ ಇತ್ತು.

ಮರಳಿ ಬಂದು ಡಿಕ್ಕಿ ತೆಗೆಸಿದೆ.
ಮೂರನೇ ಸಾಲಿನ ಬೆನ್ನಿಗೆ ಒಂದು ಗೇಣು ಜಾಗ.
ಜೂನಿಗೆ ಸಾಲಗಾಮೆ ರಸ್ತೆಯ ಶಾಲೆಗೆ
ಇನ್ನೂರೆಂಬತ್ತು ಜೊತೆ ಯೂನಿಫಾರಂ ಹೋಗಬೇಕು,
ಗಂಟು ಎಲ್ಲಿಡಲಿ?
"ಮಡಚಿದರಾಯ್ತು ಮೇಡಂ, ಸಮತಟ್ಟು"
ಮೊದಲ ಸಲ ನನ್ನೊಡನೆ ಮಾತಾಡಿದ ಹುಡುಗ
ಒಂದು ಪಟ್ಟಿ ಎಳೆದ.
ನಾನು ಕೂತಿದ್ದ ಜಾಗ ತಟ್ಟನೆ ನೆಲವಾಯಿತು.
ನಿಜ, ಗಂಟು ಹಿಡಿಯುತ್ತದೆ. ಮೂರು ಹಿಡಿಯುತ್ತವೆ.
ಒಂದೋ ನಾನು, ಇಲ್ಲವೇ ನಾನು ಹೊಲಿದದ್ದು.

"ಹೆಂಗನ್ನಿಸ್ತು?" ಇವರು ಕೇಳಿದರು, ಹುಡುಗನೆದುರಿಗೇ.
ರವಿಕೆಯಾದರೆ, ಅಂದೆ,
ಒಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತೇವೆ.
ಮೈ ಬಂದರೆ ಹೊಲಿಗೆ ಬಿಚ್ಚಿದರಾಯಿತು.
ಇದರೊಳಗೆ ಯಾರೂ ಏನೂ ಬಿಟ್ಟಿಲ್ಲ.

ಸುಮ್ಮನಿದ್ದರು. ಆಮೇಲೆ ಸಾಲನ್ನು ಎತ್ತಿಸಿ,
ಹೊಟ್ಟೆ ಒಳಗೆಳೆದು, ತಾವೇ ಹಿಂದಕ್ಕೆ ನುಗ್ಗಿದರು.
ಅರ್ಧದಲ್ಲಿ ಸಿಕ್ಕಿಕೊಂಡರು. ಗೋದಾಬಾಯಿ ನಕ್ಕರು.
"ಇನ್ನೊಂದು ಸುತ್ತು ಹೋಗಣ" ಒಳಗಿನಿಂದ ದನಿ,
"ನೀ ಮುಂದೆ ಕೂತ್ಕೊ."

ವಿಠೋಬ ಸ್ಟಿಯರಿಂಗ್ ಹಿಡಿದ.
ಬೆಲ್ಟು ಎಳೆದುಕೊಂಡರೆ ಟೇಪಿಗೆ ತೊಡರಿತು, ಬಿಡಿಸಲಿಲ್ಲ.
ಕನ್ನಡಿಯಲ್ಲಿ, ತೀರಾ ಹಿಂದೆ,
ಎರಡು ಮಂಡಿಗಳ ನಡುವೆ ಅವರ ಮುಖ.
"...ತ್ತು" ಅಂತ ಏನೋ ಅಂದರು.
ಕೇಳಿಸಲಿಲ್ಲ.